ಗಿರಿಜತ್ತೆ ಕೊಟ್ಟ ಉತ್ತರ

ಅಂಟುವಾಳದ ನೊರೆಯ ವಾಸನೆ ಬಂದರೆ ಇಂದಿಗೂ ನನಗೆ ಗಿರಿಜತ್ತೆಯ ನೆನಪಾಗುತ್ತದೆ.

ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ನಾವು ಸಾಗರದಲ್ಲಿದ್ದೆವು. ಅಪ್ಪನ ತಂಗಿ ಗಿರಿಜತ್ತೆ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ತೀರ್ಥಹಳ್ಳಿಯವರೆಗೆ ಬಸ್ಸು ನಿಲ್ಲುವ ಊರುಗಳನ್ನು ಮಾತ್ರ ಒಂದೂ ಬಿಡದೆ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಅಮ್ಮನ ಬಂಗಾರದ ಸರ ಕಾಣೆಯಾಯಿತು.

"ಗಿರಿಜಾ, ಸರ ನೋಡಿದ್ಯಾ?" ಅಜ್ಜಿ ಕೇಳಿದಳು.

"ನೋಡಿದೀನಿ."

"ನೀನೇ ತಗೊಂಡ್ಯಾ?"

"ಇಲ್ಲ." ಅತ್ತೆಯ ಕಣ್ಣು ನೆಲದ ಮೇಲಿತ್ತು.

"ಕದ್ದೋರೇ ಹಿಂಗೆ ತಲೆ ತಗ್ಸೋದು," ಎಂದು ಅಜ್ಜಿ ಹೆತ್ತ ಮಗಳ ಟ್ರಂಕನ್ನೇ ನೆಲಕ್ಕೆ ಸುರಿದಳು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೊರಗಿ ಕುಳಿತಳು.

ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ, "ಸರ ಈಗ ಎಲ್ಲಿದೆ ಅತ್ತೆ?"

"ಅಂಟುವಾಳದ ಬೋಗುಣೀಲಿ. ರೇಷ್ಮೆ ಸೀರೆ ನೆನೆಸ್ವಾಗ ನಿಮ್ಮಮ್ಮನ ಕತ್ತಿಂದ ಜಾರಿ ಬಿತ್ತು."

"ಮತ್ತೆ ಅಜ್ಜಿಗೆ ಯಾಕೆ ಹೇಳ್ಲಿಲ್ಲ?"

"ಎಲ್ಲಿದೆ ಅಂತ ಅವ್ವ ಕೇಳ್ಲೇ ಇಲ್ಲ."

ಸರ ಅಲ್ಲೇ ಸಿಕ್ಕಿತು. ಅಜ್ಜಿ ಅದನ್ನು ಸೆರಗಿನಿಂದ ಒರೆಸುತ್ತ, "ಇವಳೇ ಹಾಕಿರ್ಬೇಕು," ಎಂದು ಅಮ್ಮನ ಕಿವಿಯಲ್ಲಿ ಹೇಳಿದಳು. ಅಮ್ಮ ಹೌದೆಂಬಂತೆ ತಲೆಯಾಡಿಸಿದಳು.

ಆ ಸಂಜೆ ನಾನೂ ನನ್ನ ಗಾಜಿನ ಬಳೆಗಳನ್ನು ಅತ್ತೆಗೆ ಕಾಣದಂತೆ ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟೆ.