ಪುರಭವನದ ಮುಂದಿನ ಮರ
ಡಚ್ಚರ ಪುಟ್ಟ ಊರೊಂದರ ಪುರಸಭೆಯಲ್ಲಿ ಹಸಿರು ಪಕ್ಷದ ಸದಸ್ಯೆಯಾಗಿ ಮೂವತ್ತು ವರ್ಷ ಮರಗಳಿಗಾಗಿ ಜಗಳವಾಡಿದ್ದ ಹೆಂಡ್ರಿಕಾ ಈಗಷ್ಟೇ ನಿವೃತ್ತಳಾಗಿದ್ದಳು. ಬೆಳಿಗ್ಗೆ ಮಗಳ ಫೋನು ಬಂತು.

"ಅಮ್ಮಾ, ಪುರಭವನದ ಮುಂದೆ ನೀನು ನೆಟ್ಟ ಮರ ಕಡೀತಿದ್ದಾರೆ, ಬೇಗ ಬಾ! ಹಾಂ, ಒಳ್ಳೆ ಬಟ್ಟೆ ಹಾಕ್ಕೋ."

"ಮರ ಉಳಿಸೋಕೆ ಒಳ್ಳೆ ಬಟ್ಟೆ ಯಾಕೆ?" ಎಂದು ಗೊಣಗುತ್ತಲೇ ಆಕೆ ಸೈಕಲ್ ತುಳಿದಳು. ಹೋದವಳೇ ಸೈಕಲ್ಲಿನ ಬೀಗದ ಸರಪಳಿಯಿಂದ ತನ್ನನ್ನು ಮರಕ್ಕೆ ಬಿಗಿದುಕೊಂಡು, ಕೀಲಿಕೈಯನ್ನು ಪಕ್ಕದ ಕಾಲುವೆಗೆ ಎಸೆದಳು.

ಮೇಯರ್ ಪುಟ್ಟ ಡಬ್ಬಿ ಹಿಡಿದು ಓಡಿಬಂದರು.

"ಮರಕ್ಕೇನೂ ಆಗಲ್ಲ ಮೇಡಂ! ನಿಮಗೆ ರಾಜರ ಪದಕ ಬಂದಿದೆ. ಮೊದಲೇ ತಿಳಿಸೋ ಹಾಗಿಲ್ಲ ಅಂತ ಮಗಳ ಕೈಲಿ ಸುಳ್ಳು ಹೇಳಿಸಿದ್ವಿ. ಒಳಗೆ ಬನ್ನಿ, ಎಲ್ಲರೂ ಕಾಯ್ತಿದ್ದಾರೆ."

ಹೆಂಡ್ರಿಕಾ ಕಾಲುವೆಯ ಕಡೆ ನೋಡಿದಳು.

"ಅದೆಲ್ಲ ಆಮೇಲೆ. ನಿಮ್ಮಲ್ಲಿ ಈಜು ಬರೋರು ಯಾರಿದ್ದೀರಿ?"