ಡೀಸೆಲ್ ಮುಳ್ಳು

"ಡೀಸೆಲ್ ಮುಳ್ಳು ಮೇಲೇಳೋದೇ ಇಲ್ವಲ್ಲೋ ಚೌರಪ್ಪ," ಎನ್ನುತ್ತಾ ಸಾಹುಕಾರರು ಹಳೇ ಜೀಪನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದರು. "ಸಂಜೆ ಕಾಡು ದಾಟಿ ಘಟ್ಟ ಹತ್ಬೇಕು. ಬೇಗ ನೋಡು."

ಚೌರಪ್ಪ ಟ್ಯಾಂಕಿನಲ್ಲಿ ತೇಲುತ್ತಾ ಮುಳ್ಳನ್ನು ಆಡಿಸುವ ಫ್ಲೋಟ್ ಬಿಚ್ಚಿ ತುಕ್ಕು ಉಜ್ಜಿದ. ಮುಳ್ಳು ಸರಿಹೋಯಿತು. ಆಮೇಲೆ ಅತ್ತಿತ್ತ ನೋಡಿ, ಇಕ್ಕಳದಿಂದ ಫ್ಲೋಟಿನ ತಂತಿಯನ್ನು ಚೂರು ಬಗ್ಗಿಸಿದ. ಇನ್ನು ಟ್ಯಾಂಕು ಬರಿದಾದರೂ ಮುಳ್ಳು ಅರ್ಧದಿಂದ ಕೆಳಗಿಳಿಯದು. ತಳದಲ್ಲಿದ್ದ ಡೀಸೆಲ್ಲು ಕಾಡಿನ ನಡುಮಧ್ಯದವರೆಗಷ್ಟೇ ಸಾಲುತ್ತದೆ. ಬೇಲಿ ಜಗಳದಲ್ಲಿ ಚೌರಪ್ಪನ ತಮ್ಮನ ಕಾಲು ಮುರಿಸಿದ ಈ ಸಾಹುಕಾರ ಆನೆ ಓಡಾಡುವ ದಾರಿಯಲ್ಲಿ ಒಂದಿರುಳು ಕಳೆಯಲಿ.

ಕತ್ತಲಾಗುವ ಹೊತ್ತಿಗೆ ಸಾಹುಕಾರರ ಫೋನು ಬಂತು.

"ಘಟ್ಟ ಹತ್ತಿದ್ರಾ ಯಜಮಾನ್ರೇ?"

"ನಾನೆಲ್ಲೋ ಹೋದೆ! ನಿನ್ ಮಗಳಿಗೆ ಹೆರಿಗೆ ನೋವು ಶುರುವಾಯ್ತು ಅಂತ ನಿನ್ ಹೆಂಡ್ತಿ ಓಡಿ ಬಂದ್ಲು. ಹಳೇದನ್ನೆಲ್ಲ ಮನಸ್ಸಲ್ಲಿಟ್ಕೊಂಡು ಕೂತ್ರೆ ಆಗುತ್ತಾ? ಇಬ್ಬರನ್ನೂ ನಮ್ ಡ್ರೈವರ್ ಜೊತೆ ಜೀಪಲ್ಲೇ ಘಟ್ಟದಾಚೆ ಆಸ್ಪತ್ರೆಗೆ ಕಳಿಸ್ದೆ. ಆಗಲೇ ಕಾಡೊಳಗೆ ಹೋಗಿರ್ತಾರೆ."

"ಯಜಮಾನ್ರೇ... ಡೀಸೆಲ್ಲು..."

"ಗಾಬರಿ ಬೀಳ್ಬೇಡ, ನಾನೇ ನೋಡಿ ಕಳಿಸಿದೀನಿ. ಅರ್ಧ ಟ್ಯಾಂಕ್ ಇದೆ."