ಬಿಡೋ ತನಕ

ಸಂಜೆ ಏಳಕ್ಕೆ ಬಾಲ್ಕನಿಯ ಕಡೆಯ ಆಕಾಶ ಕೆಂಪಾಯಿತು. ಉತ್ತರ ಧ್ರುವದ ಕಡೆ ರಾತ್ರಿಯ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಧ್ರುವಪ್ರಭೆ, ಆ ದೇಶದಲ್ಲಿ ಇಷ್ಟು ದಕ್ಷಿಣದ ನಗರದವರೆಗೂ ಬರುವುದು ಇಪ್ಪತ್ತು ವರ್ಷಕ್ಕೊಮ್ಮೆ ಎಂದು ಸುದ್ದಿಯಲ್ಲಿ ಹೇಳುತ್ತಿದ್ದರು. ಏಳು ತಿಂಗಳ ಬಸುರಿ ಸೊಸೆ ಸ್ವೆಟರ್ ಹಾಕಿಕೊಂಡು ಹೊರಟಳು. ಬಾಣಂತನಕ್ಕೆಂದು ಊರಿಂದ ವಿಮಾನ ಹತ್ತಿ ಪರದೇಶಕ್ಕೆ ಬಂದಿದ್ದ ಅತ್ತೆ ಬಾಲ್ಕನಿಯ ಬಾಗಿಲಿಗೆ ಅಡ್ಡ ನಿಂತರು.

“ಬಸುರಿ ನೋಡೋ ಆಕಾಶವಾ ಇದು? ಗ್ರಹಣಕ್ಕಿಂತ ಕೆಟ್ಟದ್ದು. ಬಿಡೋ ತನಕ ಒಳಗಿರು. ತೊಟ್ಟು ನೀರೂ ಬಾಯಿಗೆ ಹಾಕ್ಬೇಡ.”

“ಗ್ರಹಣ ಅಲ್ಲ ಅತ್ತೆ, ಬರೀ ಬೆಳಕು. ಇವತ್ತು ಬಿಟ್ರೆ ಇನ್ನು ಇಪ್ಪತ್ತು ವರ್ಷ ಕಾಯ್ಬೇಕು.”

“ಮಗೂಗೆ ಏನಾದ್ರೂ ಆದ್ರೆ ಯಾರು ಹೊಣೆ?”

ಸೊಸೆ ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದಳು. “ಇದೊಂದಿನ ಅಮ್ಮ ಹೇಳಿದ ಹಾಗೆ ಕೇಳ್ಬಿಡು,” ಎಂದು ಅವನು ಫೋನ್ ಇಟ್ಟ.

ಮನೆಯ ಉಳಿದ ಕಿಟಕಿಗಳಿಗೆಲ್ಲ ಪಕ್ಕದ ಕಟ್ಟಡದ ಗೋಡೆ ಅಡ್ಡ. ಸೊಸೆ ನೀರೂ ಕುಡಿಯದೆ, ಹಲ್ಲು ಕಚ್ಚಿಕೊಂಡು ಸೋಫಾದ ಮೇಲೆ ಕುಳಿತಳು.

“ಬಿಡ್ತಾ ನೋಡಿ ಬರ್ತೀನಿ,” ಎಂದು ಅತ್ತೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಹತ್ತು ನಿಮಿಷದ ಮೇಲೆ ಬಂದು, “ಇನ್ನೂ ಇಲ್ಲ,” ಎಂದವರೇ ಶಾಲು ಹೊದ್ದು ಮತ್ತೆ ಹೋದರು. ಇನ್ನೊಮ್ಮೆ ಬಂದಾಗ ಕನ್ನಡಕ ಹುಡುಕಿ ಹಾಕಿಕೊಂಡರು. ಹೋಗುವಾಗ ಊಟದ ಮೇಜಿನ ಕುರ್ಚಿಯನ್ನೂ ಎಳೆದುಕೊಂಡು ಹೋದರು.

ಮುಕ್ಕಾಲು ಗಂಟೆ ಕಳೆಯಿತು.

“ಈಗಲಾದ್ರೂ ಬಿಡ್ತಾ ಅತ್ತೆ?” ಸೊಸೆ ಕುಳಿತಲ್ಲಿಂದಲೇ ಕೂಗಿ ಕೇಳಿದಳು.

ಬಾಗಿಲು ಒಂದು ಗೇಣು ತೆರೆಯಿತು. ಚಳಿಗೆ ಅತ್ತೆಯ ಮೂಗು ಕೆಂಪಾಗಿತ್ತು.

“ಎಲ್ಲಿ ಬಿಡುತ್ತೆ, ಈಗ ಹಸಿರೂ ಶುರುವಾಗಿದೆ. ಆ ದೊಡ್ಡ ಫ್ಲಾಸ್ಕಿಗೆ ಕಾಫಿ ಹಾಕ್ಕೊಡು.”